ಮಾಮನ ಗುರಿಗೆ ಹಿರಿಯೂರಿನ ಉಣ್ಣೆ

ನಮ್ಮ ಮಾಮನಂಥ ಗುರಿಕಾರ ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಈ ಮಾತನ್ನು ಮೊದಲು ಹೇಳಿದವನು ಮಾಮ. ಆಮೇಲೆ ಹೇಳಿದವನೂ ಮಾಮನೇ. ಉಳಿದ ಜನಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೆ!

ಮಾಮ ಅಂದರೆ ನಮ್ಮಮ್ಮನ ಒಡಹುಟ್ಟಿದ ತಮ್ಮ. ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿ ಬರುವ ರೈಲಿಗೂ ಹೋಗುವ ರೈಲಿಗೂ ಬಾವುಟ ಬೀಸಿ ಬೀಸಿ ನಿವೃತ್ತನಾದವನು. ಈಗ ರಾಮಗಿರಿ ಹತ್ತಿರದ ಹೊಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಾನೆ. ಬೆಳೆಯುವುದು ಅತ್ತೆ, ಕಾಯುವುದು ಮಾಮ ಅಂದರೆ ಇನ್ನೂ ಸರಿ. ಕಾಯೋದಕ್ಕೆ ಅವನ ಹತ್ತಿರ ಒಂದು ಬಂದೂಕು ಇದೆ. ನಾನು ಹೊಳಲ್ಕೆರೆಯಲ್ಲಿ ಬ್ಯಾಂಕಿನ ಕೆಲಸದವಳು. ನನ್ನ ಹತ್ತಿರ ಒಂದು ಸ್ಕೂಟಿ ಇದೆ. ಬಂದೂಕಿನವನಿಗೆ ಸ್ಕೂಟಿ ಇರುವ ಸೊಸೆ ಸಿಕ್ಕರೆ ಆ ಸೊಸೆಯ ಭಾನುವಾರಗಳು ಏನಾಗಬೇಡ, ಹೇಳಿ?

ಬಂದೂಕು ನಮ್ಮ ತಾತನ ಕಾಲದ್ದು. ಬೆಳೆ ರಕ್ಷಣೆಗೆ ಅಂತ ತಾತನ ಹೆಸರಿಗಿದ್ದ ಲೈಸೆನ್ಸು ಮಾಮನ ಹೆಸರಿಗೆ ಬಂದಿದೆ. ನಳಿಗೆಯ ಬಾಯಿಂದಲೇ ಮದ್ದು ತುಂಬಬೇಕು. ಅದರ ಮೇಲೆ ನಾರಿನ ಉಂಡೆ, ಉಂಡೆಯ ಮೇಲೆ ಚರೆ ಅನ್ನುವ ಸೀಸದ ಕಾಳು, ಕಾಳು ಉದುರದ ಹಾಗೆ ಮತ್ತೊಂದು ಉಂಡೆ. ಪ್ರತಿ ಸಲವೂ ಗಜ ಅನ್ನುವ ಉದ್ದನೆ ಕಡ್ಡಿಯಿಂದ ಗಿಡಿಯಬೇಕು. ಕೊನೆಗೆ ಕುದುರೆ ಅನ್ನುವ ಪುಟ್ಟ ಸುತ್ತಿಗೆಯ ಕೆಳಗೆ ಕಿಡಿ ಹಾರಿಸುವ ಕೇಪು ಕೂರಿಸಬೇಕು. ಒಂದು ಈಡು ಹಾರಿಸಿ ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಅತ್ತೆ ಟೀ ಕಾಯಿಸಿ, ಸೋಸಿ, ಕೊಟ್ಟು, ಲೋಟವನ್ನೂ ತೊಳೆದಿಟ್ಟಿರುತ್ತಾಳೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಪಕ್ಕದ ಹೊಲದ ಯಜಮಾನರು ಒಂದು ಸಲ ಸುಮ್ಮನಿರಲಾರದೆ ಕೇಳಿದರು.

"ಏನಪ್ಪ, ನಿಂದು ಆಟೋಮ್ಯಾಟಿಕ್ಕೋ?"

"ಸೆಮಿ ಆಟೋಮ್ಯಾಟಿಕ್ಕು" ಅಂದ ಮಾಮ, ಒಂಚೂರೂ ನಗದೆ. "ಅರ್ಧ ಕೆಲಸ ನಾನು ಮಾಡ್ತೀನಿ, ಇನ್ನರ್ಧ ಅದು ಮಾಡುತ್ತೆ."

ಈ ಇನ್ನರ್ಧ ಕೆಲಸವನ್ನು ನಿಜಕ್ಕೂ ಯಾರು ಮಾಡುತ್ತಿದ್ದರು ಅನ್ನುವುದೇ ಈ ಕತೆ.

ಜೋಳಕ್ಕೆ ನುಗ್ಗುವ ಕಾಡುಹಂದಿಗೆ ಮಾಮ ಹೊಡೆಯುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ. ಗಾಳಿಯಲ್ಲಿ ಒಂದು ಈಡು ಹಾರಿಸಿ ಹೆದರಿಸಬೇಕು, ಅಷ್ಟೆ. ಹಾಗಿದ್ದಮೇಲೆ ಗುರಿ ಯಾಕೆ? ಕೇಳಿ ನೋಡಿದ್ದೇನೆ.

"ಮಾಮ, ಸದ್ದು ಮಾಡೋಕೆ ಗುರಿ ಯಾಕೆ ಬೇಕು? ಪಟಾಕಿ ಹೊಡೆದರೂ ಹಂದಿ ಓಡುತ್ತಲ್ಲ?"

"ಪಟಾಕಿಗೆ ಹಂದಿ ಓಡುತ್ತೆ. ಬಂದೂಕಿಗೆ ಹಂದಿ ಮರ್ಯಾದೆ ಕೊಟ್ಟು ಓಡುತ್ತೆ. ನಿಮ್ಮ ಬ್ಯಾಂಕಿನಾಗೆ ಇದನ್ನೆಲ್ಲ ಹೇಳ್ಕೊಡಲ್ಲ ಬಿಡು."

ಹಂದಿಯ ಮರ್ಯಾದೆ ಸಂಪಾದಿಸುವುದಕ್ಕಾಗಿ ಹೊಲದ ಬದುವಿನ ಬೇವಿನ ಮರಕ್ಕೆ ಅತ್ತೆಯ ಹಳೇ ಅಲ್ಯುಮಿನಿಯಂ ತಟ್ಟೆಯೊಂದನ್ನು ತಂತಿಯಿಂದ ನೇತುಹಾಕಿದ್ದಾನೆ. ಅದಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಗುರಿ. ಆ ಹೊತ್ತಿನ ವೈಭವ ನೋಡಬೇಕು! ಮೊದಲು ಕೆಂಪು ಬಾವುಟ. ಅತ್ತೆ ಹಸುವಿನ ಹಗ್ಗ ಹಿಡಿದು ಅಲ್ಲಾಡದೆ ನಿಲ್ಲಬೇಕು, ನಾನು ಸ್ಕೂಟಿ ಪಕ್ಕ ನಿಲ್ಲಬೇಕು. ಆಮೇಲೆ ಸೀಟಿ. ಆಮೇಲೆ ಢಂ! ಹೊಗೆಯೆಲ್ಲ ಹೋಗಿ, ಬಂದೂಕು ಕೆಳಗಿಟ್ಟು, ಮಾಮ ಹಸಿರು ಬಾವುಟ ತೋರಿಸಿದಮೇಲೇ ಮರದ ಹತ್ತಿರ ಹೋಗಲು ಅಪ್ಪಣೆ. ಹೋಗುವವಳು ಅತ್ತೆ. ಮಾಮನಿಗೆ ಮಂಡಿನೋವು, ಅಷ್ಟು ದೂರ ಉಳುಮೆ ಹೊಲದಲ್ಲಿ ನಡೆಯಲಾರ. ಅತ್ತೆ ಹೋಗಿ, ಮರದ ಹಿಂದೆ ತಂತಿ ಬಿಚ್ಚಿ, ತಟ್ಟೆ ತಂದು ಅವನ ಕೈಗೆ ಕೊಡುತ್ತಾಳೆ. ಅವನು ಹಳೇ ತೂತು ಬಿಟ್ಟು ಹೊಸ ತೂತುಗಳ ಮೇಲೆ ಬೆರಳಾಡಿಸಿ ಫಲಿತಾಂಶ ಘೋಷಿಸುತ್ತಾನೆ.

ಫಲಿತಾಂಶ ಚೆನ್ನಾಗಿ ಬರಬೇಕಾದರೆ ತುಂಬುವ ಸಾಮಾನು ಚೆನ್ನಾಗಿರಬೇಕು ಅನ್ನುವುದು ಮಾಮನ ಸಿದ್ಧಾಂತ. ಮದ್ದು, ಕೇಪು ಎಲ್ಲಾ ದುರ್ಗದ, ಅಂದರೆ ಚಿತ್ರದುರ್ಗ ಪೇಟೆಯ, ಲೈಸೆನ್ಸ್ ಅಂಗಡಿಯದ್ದೇ, ಅದರಲ್ಲಿ ಆಯ್ಕೆಗೆ ಜಾಗ ಕಡಿಮೆ. ಆದರೂ ಕೇಪಿನ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಬೇಡ, ಇದರಾಗಿರೋವು ಸೋಮಾರಿಗಳು" ಅಂತ ವಾಪಸ್ ಕೊಡುತ್ತಿದ್ದ. ಅಂಗಡಿಯವರು ಅದೇ ಡಬ್ಬಿಯನ್ನು ಕೌಂಟರಿನ ಕೆಳಗೆ ಒಂದು ಸುತ್ತು ಸುತ್ತಿಸಿ ಮತ್ತೆ ಮೇಲಿಡುತ್ತಿದ್ದರು. "ಹಾಂ, ಇದು ಚುರುಕಾಗವೆ!"

ಅವನ ನಿಜವಾದ ತಪಸ್ಸು ನಾರಿನ ಉಂಡೆಯದ್ದು. ಮದ್ದಿಗೂ ಚರೆಗೂ ನಡುವೆ ಕೂರುವ ಆ ಉಂಡೆ ಯಾವುದರದ್ದು ಅನ್ನುವುದರ ಮೇಲೇ ಗುರಿಯೆಲ್ಲ ನಿಂತಿದೆಯಂತೆ. ಅದಕ್ಕಾಗಿ ನನ್ನ ಸ್ಕೂಟಿ ಜಿಲ್ಲೆಯ ಯಾವ ಮೂಲೆ ನೋಡಿಲ್ಲ?

ಮೊದಲು ಹೊಸದುರ್ಗ. ತೆಂಗಿನ ನಾರಿಗೆ. ಹಗ್ಗ ಹೊಸೆಯುವ ಕಡೆ ಹೋಗಿ ರಾಶಿಯ ಮುಂದೆ ಕೂತು, ಒಂದೊಂದೇ ಹಿಡಿ ನಾರು ತೆಗೆದು ಕೆನ್ನೆಗೆ ಉಜ್ಜಿಕೊಂಡು ನೋಡಿದ. ಅಲ್ಲಿನವರಿಗೆ ಗಾಬರಿ.

"ಯಜಮಾನ್ರೆ, ನಿಮಗೆ ಹಗ್ಗ ಬೇಕೋ, ನಾರು ಬೇಕೋ?"

"ಇನ್ನೂ ಹಗ್ಗ ಆಗಬೇಕು ಅನ್ನೋ ಆಸೆ ಬಂದಿರಬಾರದು, ಅಂಥ ನಾರು ಬೇಕು."

ಅವರು ನನ್ನ ಮುಖ ನೋಡಿದರು. ನಾನು ಸ್ಕೂಟಿಯ ಕನ್ನಡಿ ಒರೆಸತೊಡಗಿದೆ. ನಾರೇನೋ ಸಿಕ್ಕಿತು, ಆದರೆ ಅತ್ತೆ ಹೇಳಿ ಕಳಿಸಿದ್ದ ತೆಂಗಿನಕಾಯಿ ತರುವುದು ಮರೆತುಹೋಯಿತು. ಆ ಭಾನುವಾರ ಹೊಡೆದರೆ ತಟ್ಟೆಯ ಕೆಳ ಅಂಚಿನಲ್ಲಿ ಒಂದೇ ಒಂದು ತೂತು. "ಹೊಸದುರ್ಗದ ನಾರು ಕೆಳಗೆ ಎಳೀತೈತೆ" ಅಂದ ಮಾಮ.

ಆಮೇಲೆ ಹಿರಿಯೂರು. ಕುರಿ ಉಣ್ಣೆಗೆ. ಅತ್ತೆಯ ಅಕ್ಕನ ಮನೆ ಅಲ್ಲೇ ಹತ್ತಿರ ಬಬ್ಬೂರಿನಲ್ಲಿ, ಹಾಗಾಗಿ ಅತ್ತೆಯೂ ಬಸ್ಸಿನಲ್ಲಿ ಬಂದಳು. ನಾವು ಕುರಿ ಮಂದೆ ಹುಡುಕಿಕೊಂಡು ಹೋದೆವು. ಉಣ್ಣೆ ಕತ್ತರಿಸುತ್ತಿದ್ದ ಕುರಿಗಾಹಿಗಳ ಹಿರಿಯರೊಬ್ಬರು ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ" ಅಂದರು. "ಎಂಥಾ ಉಣ್ಣೆ ಬೇಕು?"

"ಧೈರ್ಯ ಇರೋ ಕುರಿದು ಕೊಡ್ರಿ."

ಅವರು ಕತ್ತರಿ ಕೆಳಗಿಟ್ಟರು. "ಧೈರ್ಯ ಇದ್ದಿದ್ರೆ ಅದು ನಮ್ಮ ಕೈಗೆ ಯಾಕೆ ಸಿಗ್ತಿತ್ತು ಸ್ವಾಮಿ?"

ಕಡೆಗೆ ಎಲ್ಲರಿಗೂ ಹಾಯುತ್ತದೆ ಅಂತ ಹೆಸರಾಗಿದ್ದ ಒಂದು ಕರಿ ಟಗರಿನ ಉಣ್ಣೆ ಕೊಟ್ಟರು. ನಾವು ಅವತ್ತೇ ವಾಪಸ್ ಬಂದೆವು. ಅತ್ತೆ ಮಾತ್ರ ಅಕ್ಕನ ಮನೆಯಲ್ಲಿ ಎರಡು ದಿನ ಇದ್ದು, ಹೋಳಿಗೆ ಉಂಡು, ಹೊಸ ಬಳೆ ತೊಟ್ಟು, ನಗುನಗುತ್ತಾ ಬಂದಳು. ಆ ಭಾನುವಾರ? ತಟ್ಟೆಯ ನಟ್ಟನಡುವೆ, ಕುಂಕುಮ ಇಟ್ಟ ಹಾಗೆ, ಒತ್ತೊತ್ತಾಗಿ ಆರು ತೂತು! ಮಾಮ ಕುಣಿದಾಡಿಬಿಟ್ಟ. "ಹಿರಿಯೂರು ಉಣ್ಣೆ ಕಣೇ! ಹಿರಿಯೂರು ಉಣ್ಣೆ! ನಾನು ಹೇಳ್ಲಿಲ್ವಾ?" ಅವತ್ತಿನಿಂದ ಊರಿನಲ್ಲಿ ಯಾರು ಏನು ಕೇಳಿದರೂ ಅವನ ಉತ್ತರ ಹಿರಿಯೂರು ಉಣ್ಣೆಗೇ ಬಂದು ನಿಲ್ಲುತ್ತಿತ್ತು.

ಅಷ್ಟಕ್ಕೇ ಸುಮ್ಮನಿರಬಾರದೇ? ಉಣ್ಣೆಗಿಂತ ನುಣುಪಾದದ್ದು ರೇಷ್ಮೆ ಅಂತ ತಲೆಗೆ ಬಂತು. ಅತ್ತೆಯ ಧಾರೆ ಸೀರೆಯ ಒಳಗಿನ ತುದಿಯನ್ನು ಅಂಗೈಯಗಲ ಕತ್ತರಿಸಿಕೊಂಡ. "ಒಳಗಿಂದು, ಉಟ್ಟಾಗ ಕಾಣಲ್ಲ" ಅನ್ನುವುದು ಅವನ ಸಮಜಾಯಿಷಿ. ಆ ಭಾನುವಾರ ಒಂದು ತೂತೂ ಇಲ್ಲ. ಮುಂದಿನ ಭಾನುವಾರವೂ ಇಲ್ಲ. ಮಾಮ ತಲೆ ಕೆರೆದುಕೊಂಡು ಹೇಳಿದ. "ರೇಷ್ಮೆ ಬಂದೂಕಿಗೆ ಆಗಿಬರಲ್ಲ ಕಣೇ."

"ಆಗಿಬರಲ್ಲ" ಅಂದಳು ಅತ್ತೆ. ಅವಳ ದನಿ ಕೇಳಿ ಹಸುವೂ ಒಂದು ಹೆಜ್ಜೆ ಹಿಂದೆ ಸರಿಯಿತು.

ಇಷ್ಟು ಹೇಳಿದಮೇಲೆ ನಿಮಗೆ ಏನೋ ವಾಸನೆ ಬಡಿದಿರಬೇಕು. ನನಗೆ ಬಡಿದಿರಲಿಲ್ಲ, ಬ್ಯಾಂಕಿನವಳು! ಒಂದು ಭಾನುವಾರ ಹಸಿರು ಬಾವುಟ ಬಿದ್ದಮೇಲೆ, ಎಳೇ ಬೇವಿನ ಸೊಪ್ಪು ಬೇಕಾಗಿತ್ತು ಅಂತ ನಾನೂ ಅತ್ತೆಯ ಹಿಂದೆಯೇ ಮರದ ಕಡೆ ಹೋದೆ. ಮರದ ಆ ಪಕ್ಕ ಹೋಗಿ ನೋಡುತ್ತೇನೆ, ಅತ್ತೆ ಕುಕ್ಕುರುಗಾಲಲ್ಲಿ ಕೂತಿದ್ದಾಳೆ. ತೊಡೆಯ ಹತ್ತಿರ ತಟ್ಟೆ. ಎಡಗೈಯಲ್ಲಿ ಮೊಳೆ. ಬಲಗೈಯಲ್ಲಿ ಗುಂಡುಕಲ್ಲು. ಟಕ್. ಟಕ್. ಟಕ್.

"ಅತ್ತೇ!"

"ಶ್! ಕಿರುಚಬ್ಯಾಡ್ವೆ, ತಾಯಿ!" ಅಂತ ನನ್ನ ಕೈ ಹಿಡಿದು ಕೂರಿಸಿದಳು. ಕೂರಿಸಿ ಇನ್ನೊಂದು ತೂತು ಮಾಡಿದಳು. ಆಮೇಲೆ ಹೇಳಿದಳು. "ನಿಮ್ಮ ಮಾಮನ ಕಣ್ಣಿಗೆ ಪೊರೆ ಬಂದು ಎಷ್ಟೋ ಕಾಲ ಆತು. ಆ ಮನುಷ್ಯ ಒಪ್ಪಲ್ಲ. ಒಂದ್ಸಲ ತಟ್ಟೆ ಖಾಲಿ ತಂದುಕೊಟ್ಟೆ. ಅವತ್ತು ಊಟ ಬಿಟ್ಟು ಗ್ವಾಡೆ ಕಡೆ ಮುಖ ಮಾಡಿ ಮಲಗಿದ್ರು. ನೋಡಾಣ ಅಂತ ಮುಂದಿನ ಸಲ ಎರಡು ತೂತು ಮಾಡಿಕೊಟ್ಟೆ. ಎರಡು ಮುದ್ದೆ ಉಂಡ್ರು."

ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಅಂದರೆ ಹೊಸದುರ್ಗದ ನಾರು ಕೆಳಗೆ ಎಳೆದದ್ದು ತೆಂಗಿನಕಾಯಿ ತರದ ಸಿಟ್ಟಿಗೆ! ಹಿರಿಯೂರು ಉಣ್ಣೆ ನಡುವೆ ಬಡಿದದ್ದು ಅಕ್ಕನ ಮನೆಯ ಹೋಳಿಗೆಗೆ! ರೇಷ್ಮೆ ಆಗಿಬರದೆ ಹೋದದ್ದು ಧಾರೆ ಸೀರೆಯ ಶಾಪಕ್ಕೆ! ಜಿಲ್ಲೆಯೆಲ್ಲ ತಿರುಗಿ ಮಾಮ ಕಂಡುಹಿಡಿದ ಶಾಸ್ತ್ರ ಯಾವುದು? ಅತ್ತೆಯ ಆ ವಾರದ ಮೂಡು!

"ಹಾಗಾದರೆ ನಿಜವಾದ ಚರೆ ಎಲ್ಲಿಗೆ ಹೋಗುತ್ತೆ?" ಅಂದೆ. ಅತ್ತೆ ಮಾತಾಡದೆ ಕೈ ತೋರಿಸಿದಳು. ಮರದಿಂದ ಆಚೆ ಬದುವಿನ ಮೇಲೆ ಕತ್ತಾಳೆಯ ಸಾಲಿತ್ತು. ಎಲೆಯೆಲ್ಲ ಜರಡಿ.

ಈ ಕತ್ತಾಳೆಯದ್ದೂ ಒಂದು ಪುರಾಣ ಆಗಿತ್ತು. ಒಂದು ದಿನ ಉಳುಮೆ ಹೊಲ ಬಿಟ್ಟು, ಸುತ್ತು ಬಳಸಿ ಬದುವಿನ ಮೇಲೆ ನಿಧಾನಕ್ಕೆ ನಡೆಯುವಾಗ ಎಲೆ ಸವರಿ ನೋಡಿ, ಗಿಡಕ್ಕೆ ಏನೋ ರೋಗ ಬಂದಿದೆ ಅಂತ ಮಾಮ ಗಾಬರಿಯಾಗಿದ್ದ. ಅತ್ತೆಯ ಅಕ್ಕನ ಗಂಡ, ಅಂದರೆ ಮಾಮನ ಷಡ್ಡಕ, ಬಬ್ಬೂರಿನ ಕೃಷಿ ಫಾರ್ಮಿನಲ್ಲಿ ಕೆಲಸಕ್ಕಿದ್ದವರು. ಅವರು ಊರಿಗೆ ಬಂದಾಗ ಕರೆದುಕೊಂಡು ಹೋಗಿ ತೋರಿಸಿದ. ಅವರು ಎಲೆ ತಿರುಗಿಸಿದರು, ತೂತಿನಲ್ಲಿ ಬೆರಳಾಡಿಸಿದರು, ತಲೆಯೆತ್ತಿದರು. ಮಾಮನ ಬೆನ್ನ ಹಿಂದೆ ನಿಂತಿದ್ದ ಅತ್ತೆ ಎರಡೂ ಕೈ ಜೋಡಿಸಿದಳು.

"ಹೂಂ, ಇದೊಂದು ಥರ ಹುಳ" ಅಂದರು ಷಡ್ಡಕ. "ಭಾನುವಾರ ಬೆಳಿಗ್ಗೆ ಬರ್ತಾವೆ."

"ಔಷಧಿ ಇಲ್ವೇನ್ರಿ?"

"ಐತೆ. ಆದ್ರೆ ಗಿಡಕ್ಕೆ ಹಾಕೋದಲ್ಲ."

ಹೀಗೇ ನಗುತ್ತಾ ಇದ್ದುಬಿಡಬಹುದಿತ್ತು. ಆದರೆ ಕಣ್ಣಿನ ಪೊರೆ ಅತ್ತೆಯ ಮೊಳೆಗೆ ಕಾಯುತ್ತಾ ಕೂರುತ್ತದೆಯೇ? ಒಂದು ದಿನ ಮಾಮ ಹೊಲದಲ್ಲಿ ನಿಂತು ಯಾರನ್ನೋ ಜೋರಾಗಿ ಬೈಯುತ್ತಿದ್ದ. "ಅಲ್ಲ ಕಣಯ್ಯಾ, ಅವಾಗಿಂದ ಕೇಳ್ತಾ ಇದೀನಿ, ನಮ್ಮ ಹೊಲದಾಗೆ ನಿಂಗೇನು ಕೆಲಸ? ಬಾಯಿಲ್ವಾ?" ಹೋಗಿ ನೋಡಿದರೆ ಬೆದರುಬೊಂಬೆ! ಅವನೇ ಕಟ್ಟಿದ್ದು, ಅವನದೇ ಹಳೇ ಯೂನಿಫಾರಂ ಹಾಕಿದ್ದು. ಇದಕ್ಕೆ ನಕ್ಕೆವು. ಆದರೆ ಆಮೇಲಿನ ವಾರ ನೀರು ತುಂಬಿದ ಕೃಷಿಹೊಂಡದ ಅಂಚಿನಲ್ಲಿ, ಅದು ನೆಲವೇ ಅಂತ ಕಾಲಿಡಲು ಹೋದವನನ್ನು ಅತ್ತೆ ಅಂಗಿ ಹಿಡಿದು ಎಳೆದು ಉಳಿಸಿಕೊಂಡಳು. ಅದಕ್ಕೆ ಯಾರೂ ನಗಲಿಲ್ಲ.

ಅಷ್ಟರಲ್ಲಿ ಲೈಸೆನ್ಸು ನವೀಕರಣದ ಸಮಯ ಬಂತು, ಗಡುವಿಗೆ ಇನ್ನು ಕೆಲವೇ ತಿಂಗಳು. ಕಣ್ಣು ಸರಿ ಇದೆ ಅಂತ ಡಾಕ್ಟರು ಸರ್ಟಿಫಿಕೇಟು ಕೊಡಬೇಕು. ಇಲ್ಲದಿದ್ದರೆ ತಾತನ ಬಂದೂಕು ಸರ್ಕಾರಕ್ಕೆ. ಮೂವರೂ ದುರ್ಗಕ್ಕೆ ಹೋದೆವು. ಮಾಮನ ಕಂಕುಳಲ್ಲಿ ಪೇಪರು ಸುತ್ತಿದ ಒಂದು ಗಂಟು. ಊಟದ ಬುತ್ತಿ ಇರಬೇಕು ಅಂದುಕೊಂಡೆ. ಕಣ್ಣಿನ ಡಾಕ್ಟರಮ್ಮ ಟಾರ್ಚ್ ಬಿಟ್ಟು, ಗೋಡೆಯ ಮೇಲಿನ ಅಕ್ಷರ ಓದಿಸಿ, "ಅಜ್ಜಾ, ಎರಡೂ ಕಣ್ಣಲ್ಲಿ ಪೊರೆ ಬಲಿತುಬಿಟ್ಟಿದೆ. ಆಪರೇಷನ್ ಆಗಲೇಬೇಕು" ಅಂದರು.

ಮಾಮ ಗಂಟು ಬಿಚ್ಚಿದ. ಒಳಗಿದ್ದದ್ದು ತಟ್ಟೆ!

"ಮೇಡಂ, ಕಣ್ಣಿಲ್ಲದೋನು ಇಷ್ಟು ದೂರದಿಂದ ಇದನ್ನ ಹೊಡೀತಾನೇನ್ರಿ? ನಟ್ಟನಡುವೆ ನೋಡ್ರಿ, ಆರು. ನಿಮ್ಮ ಗ್ವಾಡೆ ಮ್ಯಾಲಿನ ಅಕ್ಷರ ಅಳಿಸಿಹೋಗಿರಬೇಕು."

ಡಾಕ್ಟರಮ್ಮ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಜ್ಜಾ, ತೂತುಗಳು ಬಹಳ ಚೆನ್ನಾಗಿವೆ. ಕಣ್ಣು ಚೆನ್ನಾಗಿಲ್ಲ" ಅಂದರು. ಹೊರಗೆ ಬಂದಮೇಲೆ ಅತ್ತೆಯನ್ನು ಬೇರೆ ಕರೆದು, ಇನ್ನೂ ತಡ ಮಾಡಿದರೆ ಆಮೇಲೆ ಆಪರೇಷನ್ ಮಾಡಿದರೂ ನೋಟ ಬರುತ್ತದೆ ಅಂತ ಹೇಳಲಾರೆ ಅಂದರು. ಮಾಮ ಮಾತ್ರ ಬಸ್ಸಿನ ತುಂಬಾ ಜನಕ್ಕೆ ತಟ್ಟೆ ತೋರಿಸುತ್ತಾ ಬಂದ. "ಡಾಕ್ಟ್ರು ಏನು ಬೇಕಾದ್ರೂ ಅಂತಾರೆ. ತಟ್ಟೆ ಸುಳ್ಳು ಹೇಳುತ್ತೇನ್ರಿ?"

ಅತ್ತೆ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಹೊಳಲ್ಕೆರೆಯಲ್ಲಿ ಇಳಿಯುವಾಗ ನನ್ನ ಕೈ ಹಿಡಿದು, "ಅವರು ಖುಷಿಯಾಗಿರ್ಲಿ ಅಂತ ಮಾಡ್ದೆ ಕಣೇ. ನನ್ನ ಕೈಯಾರೆ ಅವರ ಕಣ್ಣು ಕಳೀತಿದೀನಿ" ಅಂದಳು.

ಮುಂದಿನ ಭಾನುವಾರ ಹೊಸ ತಟ್ಟೆ ಕಟ್ಟಿದರು. ಕೆಂಪು ಬಾವುಟ, ಸೀಟಿ, ಢಂ, ಹಸಿರು ಬಾವುಟ. ಅತ್ತೆ ಹೋದಳು, ಹೋದಷ್ಟೇ ಬೇಗ ಬಂದಳು. ಮಾಮ ತಟ್ಟೆಯ ಮೇಲೆ ಬೆರಳಾಡಿಸಿದ. ಮತ್ತೆ ಆಡಿಸಿದ.

"ಒಂದೂ ಇಲ್ವೇನೇ?"

"ಒಂದೂ ಇಲ್ಲ ಕಣ್ರಿ" ಅಂದಳು ಅತ್ತೆ. ಅಂದು, ಹಸುವಿನ ಆಚೆ ಪಕ್ಕಕ್ಕೆ ಹೋಗಿ ನಿಂತಳು.

ಒಪ್ಪುತ್ತಾನೆಯೇ ನಮ್ಮ ಮಾಮ? ಕರಿ ಟಗರು ಮುದಿಯಾಗಿದೆ, ಅದರ ಧೈರ್ಯ ಕುಂದಿದೆ ಅಂದ. ಹಿರಿಯೂರಿಗೆ ಹೋಗಿ ಅದರ ಮಗನ ಉಣ್ಣೆ ತಂದೆವು. ತಟ್ಟೆ ಖಾಲಿ. ಮದ್ದಿಗೆ ತೇವ ಹತ್ತಿದೆ ಅಂದ. ದುರ್ಗಕ್ಕೆ ಹೋಗಿ ಹೊಸದು ತಂದೆವು. ಖಾಲಿ. ಹೊಳಲ್ಕೆರೆಯ ಟೈಲರ್ ಅಂಗಡಿಯಿಂದ ಪ್ಯಾಂಟಿನ ಚೂರು, ಹೊಸದುರ್ಗದ ನಾರು ಮತ್ತೊಮ್ಮೆ, ಕಡೆಗೆ ನನ್ನ ಸ್ಕೂಟಿಯ ಸೀಟಿನೊಳಗಿನ ಸ್ಪಂಜಿನ ಮೇಲೂ ಕಣ್ಣು ಬಿತ್ತು! ಎಲ್ಲ ಖಾಲಿ. ಆಮೇಲೆ ಪೊಲೀಸ್ ಠಾಣೆಯ ಮೇಲೆ ಅನುಮಾನ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರಬೇಕಲ್ಲ, ಕಳೆದ ಸಲ ಮಗಳನ್ನು ಗಂಡನ ಮನೆಗೆ ಬಿಟ್ಟುಬರುವವನ ಹಾಗೆ, "ತಂಡಿ ಜಾಗದಾಗೆ ಇಡಬ್ಯಾಡ್ರಿ, ಗ್ವಾಡೆಗೆ ಒರಗಿಸಬ್ಯಾಡ್ರಿ, ನಡು ನೋಯುತ್ತೆ" ಅಂತ ಪೊಲೀಸಿನವರಿಗೆ ನೂರು ಸಲ ಹೇಳಿ ಬಂದಿದ್ದ. ಅವರು ಅದನ್ನು ಉಳಿದ ಬಂದೂಕುಗಳ ಜೊತೆಗೇ ಇಟ್ಟಿದ್ದರಂತೆ.

"ಸಹವಾಸ ಕಣೇ. ಯಾವ್ಯಾವ ಊರಿನ ಬಂದೂಕೋ ಏನೋ. ಕೆಟ್ಟೋಗೈತೆ."

ನಾನು ನಗಲಿಲ್ಲ. ಅವನ ಗಂಟಲಲ್ಲಿ ಮೊದಲಿನ ಜಂಬ ಇರಲಿಲ್ಲ. ಊಟಕ್ಕೆ ಕೂತರೆ ಅರ್ಧ ಮುದ್ದೆ. ಅತ್ತೆ ಒಳಗೆ ಹೋಗಿ ಕಣ್ಣೊರೆಸಿಕೊಂಡು ಬಂದು, "ಇನ್ನೊಂಚೂರು ಸಾರು ಹಾಕ್ಲಾ?" ಅನ್ನುತ್ತಿದ್ದಳು. ಮೊಳೆ ಅವಳ ಸೊಂಟದ ಚೀಲದಲ್ಲೇ ಇತ್ತು. ಎಷ್ಟು ಸಲ ಮರದ ಹಿಂದೆ ಅದನ್ನು ಹೊರಗೆ ತೆಗೆದು ಮತ್ತೆ ಒಳಗಿಟ್ಟಳೋ, ಅವಳಿಗೇ ಗೊತ್ತು.

ಒಂದು ಭಾನುವಾರ ನಾನು ಹೋದಾಗ ಮಾಮ ಬಾವುಟಗಳನ್ನು ಸುತ್ತಿ ಕಟ್ಟುತ್ತಿದ್ದ. ಜಗಲಿಯ ಮೇಲೆ ಮದ್ದಿನ ಡಬ್ಬಿ, ಕೇಪಿನ ಡಬ್ಬಿ, ಉಣ್ಣೆಯ ಗಂಟು, ನಾರಿನ ಗಂಟು, ಎಲ್ಲಾ ಒಪ್ಪವಾಗಿ ಜೋಡಿಸಿದ್ದ.

"ಕುಂತ್ಕ" ಅಂದ. "ಮದ್ದು ಬದಲಾಯಿಸ್ದೆ. ಕೇಪು ಬದಲಾಯಿಸ್ದೆ. ಚರೆ, ಉಣ್ಣೆ, ನಾರು, ಎಲ್ಲಾ ಬದಲಾಯಿಸ್ದೆ. ಇನ್ನು ಬದಲಾಯಿಸೋಕೆ ಉಳಿದಿರೋದು ನಾನೊಬ್ನೇ ಅಲ್ವೇನೇ?"

ನಾನು ಉಣ್ಣೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದೆ.

"ಹೋಗಾಣ ನಡಿ. ಕಣ್ಣು ಕೊಯ್ಸಾಣ."

ಧೈರ್ಯವಾಗಿ ಹೇಳಿದನೇ ಹೊರತು ಆಸ್ಪತ್ರೆಗೆ ಹೋದಮೇಲೆ ಹಳೇ ಮಾಮನೇ! ಕಣ್ಣಿನೊಳಗೆ ಒಂದು ಲೆನ್ಸ್ ಕೂರಿಸುತ್ತೇವೆ ಅಂದರು ಡಾಕ್ಟರಮ್ಮ. ಅಷ್ಟು ಕೇಳಿದ್ದೇ ತಡ, ಎದ್ದು ಕೂತ. "ಯಾವ ಊರಿಂದು? ನಾಕೈದು ತೋರಿಸ್ರಿ, ಧೈರ್ಯ ಇರೋದು ಆರಿಸ್ಕಂತೀನಿ. ಬೆರಳಾಗೆ ಹಿಡಿದು ನೋಡಬೌದಾ?" ಡಾಕ್ಟರಮ್ಮ ನನ್ನ ಕಡೆ ನೋಡಿದರು. ಅಲ್ಲಿ ಒರೆಸಲು ಸ್ಕೂಟಿಯ ಕನ್ನಡಿಯೂ ಇರಲಿಲ್ಲ. "ಅಜ್ಜಾ, ನಿಮಗೆ ಇದ್ದುದರಲ್ಲೇ ಧೈರ್ಯವಂತ ಲೆನ್ಸ್ ಹಾಕ್ತೀನಿ" ಅಂದರು. ಅವನು ನಿಶ್ಚಿಂತೆಯಾಗಿ ಮಲಗಿದ.

ನಿಶ್ಚಿಂತೆ ಇಲ್ಲದೆ ಹೋದದ್ದು ಅತ್ತೆಗೆ. ಒಂದು ಕಣ್ಣು ಆಯಿತು, ಕೆಲವು ವಾರ ಬಿಟ್ಟು ಇನ್ನೊಂದೂ ಆಯಿತು. ಸರ್ಟಿಫಿಕೇಟೂ ಸಿಕ್ಕಿತು. ಹೊಲಕ್ಕೆ ಹೋಗಲು ಡಾಕ್ಟರಮ್ಮ ಒಪ್ಪಿಗೆ ಕೊಡುವ ದಿನ ಹತ್ತಿರ ಬಂದಹಾಗೆ ಅತ್ತೆ ಮಾಡುವ ಸಾರಿಗೆ ಉಪ್ಪು ಒಂದು ದಿನ ಇಲ್ಲ, ಒಂದು ದಿನ ಎರಡು ಪಾಲು.

"ಹಳೇ ತಟ್ಟೇನ ಬಾವಿಗೆ ಎಸೆದುಬಿಡು ಅತ್ತೆ" ಅಂದೆ.

"ಎಸೆದ್ರೆ ಕದ್ದಂಗೆ ಆಗುತ್ತೆ. ನೋಡ್ಲಿ ಬಿಡು. ಬೈದ್ರೆ ಬೈತಾರೆ, ಅದಕ್ಕೆ ನಾನು ಹೆದರಲ್ಲ" ಅಂದಳು. ಒಂದು ಗಳಿಗೆ ಬಿಟ್ಟು, "ಇನ್ನು ಮ್ಯಾಲೆ ನಾನು ಏನು ಹೇಳಿದ್ರೂ ನಂಬದಿದ್ರೆ ಹೆಂಗೇ? ಇಷ್ಟು ಕಾಲ ಬಾಳಿ, ಕೊನೆಗಾಲಕ್ಕೆ ನನ್ನ ಮಾತು ಸುಳ್ಳು ಅಂದ್ಕಂಬಿಟ್ರೆ?" ಅಂದಳು.

ಆ ದಿನ ಬಂತು. ಮಾಮ ಬಂದೂಕು ಮುಟ್ಟಲಿಲ್ಲ. ಬರಿಗೈಯಲ್ಲೇ, ಮಂಡಿ ಹಿಡಿದುಕೊಂಡು, ಉಳುಮೆ ಹೊಲ ದಾಟಿ ನೇರ ಬೇವಿನ ಮರಕ್ಕೆ ಹೋದ. ಕಂಕುಳಲ್ಲಿ ಹಳೇ ತಟ್ಟೆ. ಹಿಂದೆ ಅತ್ತೆ, ಅವಳ ಹಿಂದೆ ನಾನು. ಅವನು ಮೊದಲು ಕತ್ತಾಳೆಯ ಸಾಲು ನೋಡಿದ. ಆಮೇಲೆ ಮರದ ಕಾಂಡ ನೋಡಿದ. ತೊಗಟೆಯ ಮೇಲೆ ಮೇಲಿಂದ ಕೆಳಕ್ಕೆ ಕೈ ಸವರಿದ. ಅಷ್ಟು ವರ್ಷ ತಟ್ಟೆ ತೂಗಿದ ಮರ. ಒಂದು ಗೀರೂ ಇಲ್ಲ, ಒಂದು ಕಾಳು ಸೀಸವೂ ಇಲ್ಲ, ನೆಟ್ಟವರು ಬಿಟ್ಟುಹೋದ ಹಾಗೇ ಇತ್ತು. ತಟ್ಟೆಯನ್ನು ಬಿಸಿಲಿಗೆ ಹಿಡಿದ. ತೂತುಗಳೊಳಗಿಂದ ಬೆಳಕಿನ ಚುಕ್ಕಿಗಳು ಅವನ ಮುಖದ ಮೇಲೆ ಬಿದ್ದವು. ಬಹಳ ಹೊತ್ತು ನೋಡಿದ. ಅತ್ತೆ ಸೆರಗಿನ ತುದಿಯನ್ನು ಹಿಂಡಿ ಹಿಂಡಿ ಹಗ್ಗ ಮಾಡಿದ್ದಳು. ಬೈಯಬಾರದೇ ಒಂದು ಸಲ? ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಬಾರೇ ಇಲ್ಲಿ" ಅಂದ ಮಾಮ.

ಅತ್ತೆ ಹೋದಳು.

"ಕೈ ತೋರ್ಸು. ಅದಲ್ಲ, ಎಡಗೈ."

ಅತ್ತೆ ಮುಷ್ಟಿ ಬಿಗಿಹಿಡಿದಿದ್ದಳು. ಅವನೇ ಒಂದೊಂದಾಗಿ ಬೆರಳು ಬಿಡಿಸಿದ. ಹೆಬ್ಬೆರಳ ಉಗುರು ಬುಡದವರೆಗೆ ಕಪ್ಪಗಾಗಿ, ಸೀಳಿ, ಸೊಟ್ಟಗೆ ಬೆಳೆದಿತ್ತು. ತೋರುಬೆರಳಿನ ತುದಿ ಜಜ್ಜಿ ಚಪ್ಪಟೆಯಾಗಿತ್ತು. ನಾನು ಎಷ್ಟು ಭಾನುವಾರ ಆ ಕೈಯಿಂದಲೇ ಟೀ ಇಸಿದುಕೊಂಡಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ. ಅವನಿಗೆ ಕಂಡಿತು.

"ಬಾಗಿಲಿಗೆ ಸಿಕ್ಕಿತ್ತು ಕಣ್ರಿ" ಅಂದಳು ಅತ್ತೆ. ಅಂದವಳೇ ಅತ್ತುಬಿಟ್ಟಳು.

ಮಾಮ ಆ ಹೆಬ್ಬೆರಳನ್ನು ತನ್ನ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡ. ಅವನ ಹೊಸ ಕಣ್ಣುಗಳು ತುಂಬಿ ಬಂದವು. ಆಮೇಲೆ ಅವನು, "ಮೊಳೆ ಎಲ್ಲೈತೆ?" ಅಂದ.

ಅತ್ತೆ ಸೊಂಟದ ಚೀಲದಿಂದ ಮೊಳೆ ತೆಗೆದು ಕೊಟ್ಟಳು. ಮಾಮ ನೋವಿನ ಮಂಡಿ ಮಡಿಸಿ ಮರದ ಬುಡದಲ್ಲಿ ಕೂತ. ತಟ್ಟೆಯನ್ನು ನೆಲಕ್ಕಿಟ್ಟು, ಮೊಳೆಯನ್ನು ಅದರ ಮೇಲೆ ನೆಟ್ಟಗೆ ಹಿಡಿದು, ಪಕ್ಕದಲ್ಲಿದ್ದ ಗುಂಡುಕಲ್ಲನ್ನು ಅತ್ತೆಯ ಕಡೆ ಸರಿಸಿದ.

"ಇವತ್ತಿಂದ ಮೊಳೆ ನಾನು ಹಿಡ್ಕಂತೀನಿ. ನೀನು ಕುಟ್ಟು."

ಅತ್ತೆ ಕಲ್ಲು ಎತ್ತಿದಳು. ಅಳುತ್ತಿದ್ದವಳ ಕೈ ಗಡಗಡ ನಡುಗುತ್ತಿತ್ತು. ಮಾಮ ಬೆರಳು ತೆಗೆಯಲಿಲ್ಲ.